ಸತ್ತಂತೆ ಮಲಗುವ ಲಿವಿಂಗ್‌ಸ್ಟೋನಿ ಸಿಕ್ಲಿಡ್: ಸಾಕುವುದು ಹೇಗೆ?

ನಿಮ್ಮ ಲಿವಿಂಗ್‌ಸ್ಟೋನಿ ಟ್ಯಾಂಕಿನ ತಳದಲ್ಲಿ ಒಂದು ಮಗ್ಗುಲಿಗೆ ಬಿದ್ದುಕೊಂಡಿದೆಯಾ? ಗಾಬರಿಯಾಗಿ ಔಷಧಿ ಸುರಿಯಬೇಡಿ. ಅದು ಬೇಟೆಗೆ ಹೊಂಚು ಹಾಕಿರಬಹುದು.

ಆಫ್ರಿಕಾದ ಮಲಾವಿ ಸರೋವರದಲ್ಲಿ ಸಿಕ್ಲಿಡ್ ಕುಟುಂಬದ ಈ ಮೀನು ಊಟ ಹುಡುಕುವ ರೀತಿಯೇ ಹೀಗೆ. ಮರಳಿನ ಮೇಲೆ ವಾಲಿಕೊಂಡು ಅಲ್ಲಾಡದೆ ಮಲಗುತ್ತದೆ. ಮೈಮೇಲಿನ ಕಂದು ಮಚ್ಚೆಗಳಿಂದ ಕೊಳೆತ ಹೆಣದಂತೆಯೇ ಕಾಣುತ್ತದೆ. ಕಚ್ಚಿ ತಿನ್ನೋಣ ಅಂತ ಸಣ್ಣ ಮೀನುಗಳು ಹತ್ತಿರ ಬರುತ್ತವೆ, ಬಾಯಿಗೆ ಎಟಕುವಷ್ಟು ಬಂದ ಕೂಡಲೇ ಇದು ಗಬಕ್ಕನೆ ಹಿಡಿಯುತ್ತದೆ. ಕೆನ್ನೆತ್ ಮೆಕೇ ಎಂಬ ವಿಜ್ಞಾನಿ ಸರೋವರದಲ್ಲೇ ಇದನ್ನು ಗಮನಿಸಿ 1981ರಲ್ಲಿ ಬರೆದರು. ಎಷ್ಟು ನೋಡಿದರೂ ನನಗೆ ಸಾಕಾಗದ ವರ್ತನೆ ಇದು.

ಹಾಗಂತ ಮಲಗಿದ ಮೀನೆಲ್ಲ ಆರೋಗ್ಯವಾಗಿದೆ ಅಂತಲ್ಲ. ಬೇಟೆಗೆ ಮಲಗಿದ ಮೀನಿನ ಮಚ್ಚೆ ಗಾಢವಾಗಿರುತ್ತದೆ, ಉಸಿರಾಟ ಒಂದೇ ಸಮ ಇರುತ್ತದೆ, ನೀವು ಊಟ ತಂದರೆ ಎದ್ದು ಬರುತ್ತದೆ. ಕಿವಿರು ಪಟಪಟ ಬಡಿಯುತ್ತಿದ್ದರೆ, ಹೊಟ್ಟೆ ಊದಿದ್ದರೆ, ಊಟ ಬಿಟ್ಟಿದ್ದರೆ, ಮಲ ಬಿಳಿ ದಾರದಂತೆ ಬರುತ್ತಿದ್ದರೆ ಅದು ಕಾಯಿಲೆ. ಆಗ ಮೊದಲು ನೀರಿನ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸಿ. ಎರಡೂ ಸೊನ್ನೆ ಇರಬೇಕು.

ಈಗ ಟ್ಯಾಂಕಿನ ವಿಷಯ. ಅಂಗಡಿಯಲ್ಲಿ ಬೆರಳುದ್ದ ಕಾಣುವ ಮರಿ ಸುಮಾರು 25 ಸೆಂಟಿಮೀಟರ್ ಬೆಳೆಯುತ್ತದೆ, ಆದ್ದರಿಂದ ಆರು ಅಡಿ ಉದ್ದದ, 500 ಲೀಟರಿನ ಆಸುಪಾಸಿನ ಟ್ಯಾಂಕಿಗೆ ಜಾಗವಿಲ್ಲದಿದ್ದರೆ ದಯವಿಟ್ಟು ಇದನ್ನು ತರಬೇಡಿ. ತಳಕ್ಕೆ ನುಣುಪಾದ ಮರಳೇ ಬೇಕು. ಮಲಗುವ ಮೀನಿಗೆ ಚೂಪು ಜಲ್ಲಿ ಹಾಕಿದರೆ ಮೈ ಗೀರಿ ಗಾಯವಾಗುತ್ತದೆ, ಅಲ್ವಾ? ಕಲ್ಲುಗಳನ್ನು ಎರಡು ತುದಿಗಿಟ್ಟು ನಡುವೆ ಬಯಲು ಬಿಡಿ. ಗಡಸು ನೀರು, ಪಿಎಚ್ 7.8ರಿಂದ 8.5, ಬಿಸಿ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ದೊಡ್ಡ ಫಿಲ್ಟರ್ ಹಾಕಿ, ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ.

ಜೊತೆಗೆ ಯಾವ ಮೀನು ಬಿಡಬಹುದು? ಇದರ ಬಾಯಿಗೆ ಹಿಡಿಸುವ ಯಾವುದನ್ನೂ ಬಿಡಬೇಡಿ. ಎಂಬುನಾ ಎಂಬ, ಬಂಡೆಗಳ ನಡುವೆ ಬದುಕುವ ಮಲಾವಿಯ ಚಿಕ್ಕ ಸಿಕ್ಲಿಡ್‌ಗಳು ಒಂದೊಂದಾಗಿ ಕಾಣೆಯಾಗುತ್ತವೆ. ಮಲಾವಿಯದೇ ಬೇರೆ ದೊಡ್ಡ ಸಿಕ್ಲಿಡ್‌ಗಳು ಹೊಂದುತ್ತವೆ, ಆದರೆ ಹತ್ತಿರದ ಸಂಬಂಧಿಯಾದ ವೀನಸ್ಟಸ್ ಬೇಡ, ಎರಡೂ ಕೂಡಿ ಮಿಶ್ರತಳಿ ಮರಿ ಹುಟ್ಟಬಹುದು. ಒಂದು ಗಂಡಿಗೆ ಮೂರೋ ನಾಲ್ಕೋ ಹೆಣ್ಣು ಇರಲಿ. ಒಂದೇ ಹೆಣ್ಣಿದ್ದರೆ ಗಂಡು ಅದನ್ನು ಅಟ್ಟಾಡಿಸಿ ಹಣ್ಣು ಮಾಡಿಬಿಡುತ್ತದೆ.

ಊಟಕ್ಕೆ ಒಳ್ಳೆಯ ಪೆಲೆಟ್ (ಮೀನಿನ ಆಹಾರದ ಗುಳಿಗೆ), ಆಗಾಗ ಸಿಗಡಿ ಅಥವಾ ಮೀನಿನ ತುಂಡು ಸಾಕು. ಹಸು, ಕೋಳಿಯ ಮಾಂಸ ಕೊಡಬೇಡಿ, ಅದರ ಕೊಬ್ಬು ಈ ಮೀನಿಗೆ ಸರಿಯಾಗಿ ಜೀರ್ಣವಾಗುವುದಿಲ್ಲ. ಬೇಟೆ ನೋಡುವ ಆಸೆಗೆ ಜೀವಂತ ಮೀನು ತಂದು ಬಿಡುವವರೂ ಇದ್ದಾರೆ. ಸುಮ್ನೆ ರೋಗವನ್ನು ಮನೆಗೆ ತಂದ ಹಾಗೆ. ಹೊಟ್ಟೆ ತುಂಬಿದ ಕೆಲವು ಮೀನುಗಳು ಟ್ಯಾಂಕಿನಲ್ಲಿ ಅಪರೂಪಕ್ಕೆ ಮಾತ್ರ ಹೀಗೆ ಮಲಗುತ್ತವೆ, ಒತ್ತಾಯ ಮಾಡಿ ಉಪವಾಸ ಕೆಡವಬೇಡಿ.

ಗಂಡು ಕಡು ನೀಲಿಗೆ ತಿರುಗಿತೆಂದರೆ ಮರಿ ಮಾಡುವ ಕಾಲ ಬಂತು. ಹೆಣ್ಣು ಮೊಟ್ಟೆಗಳನ್ನು ಸುಮಾರು ಮೂರು ವಾರ ಬಾಯಲ್ಲೇ ಇಟ್ಟುಕೊಳ್ಳುತ್ತದೆ, ಆ ದಿನಗಳಲ್ಲಿ ಊಟ ಮುಟ್ಟದಿದ್ದರೂ ಚಿಂತೆ ಬೇಡ. ಮರಿ ಉಳಿಸಬೇಕೆಂದರೆ ಕೊನೆಯ ವಾರದಲ್ಲಿ ತಾಯಿಯನ್ನು ಮೆಲ್ಲಗೆ ಬೇರೆ ಟ್ಯಾಂಕಿಗೆ ಹಾಕಿ. ಬಾಯಿಂದ ಬಿಟ್ಟ ಮರಿಗಳಿಗೆ ಆರ್ಟಿಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮರಿ ಅಥವಾ ಪುಡಿ ಮಾಡಿದ ಪೆಲೆಟ್ ಕೊಡಿ. ತಾಯಿಗೆ ಮಾತ್ರ ಕೆಲವು ದಿನ ಚೆನ್ನಾಗಿ ತಿನ್ನಿಸಿ, ಮೈ ತುಂಬಿಕೊಂಡ ಮೇಲೆಯೇ ಗಂಡಿನ ಟ್ಯಾಂಕಿಗೆ ವಾಪಸ್ ಬಿಡಿ.