36 ಸೆಂಟಿಮೀಟರ್ ದೋಣಿಗೆ 82 ಜನರನ್ನು ಹತ್ತಿಸಿದ್ದು

ಮಾದರಿ ಹಡಗು ಮಾಡುವ ಹುಚ್ಚು ಇರುವವರು ಜಾಸ್ತಿ ಹಾಯಿ, ಫಿರಂಗಿ ಇರುವ ಹಡಗುಗಳ ಹಿಂದೆಯೇ ಬೀಳುತ್ತಾರೆ. ನಾನು ಕ್ಯೂಬಾದ ‘ಗ್ರಾನ್ಮಾ’ ಹಿಡಿದೆ. ನೋಡೋಕೆ ಅದೇನೂ ಭಾರಿ ಹಡಗಲ್ಲ. 1943ರಲ್ಲಿ ಕಟ್ಟಿದ, 18 ಮೀಟರ್ ಉದ್ದದ, ಡೀಸೆಲ್ ಎಂಜಿನ್ನಿನ ಬಿಳಿ ಮೋಜಿನ ದೋಣಿ. 1956ರ ನವೆಂಬರ್ 25ರ ನಸುಕಿನಲ್ಲಿ ಮೆಕ್ಸಿಕೋದ ಟುಕ್ಸ್‌ಪಾನ್‌ನಿಂದ ದೀಪ ಆರಿಸಿಕೊಂಡು ಹೊರಟಾಗ ಅದರಲ್ಲಿ ಕ್ಯೂಬಾದ ಸರ್ವಾಧಿಕಾರಿ ಬಟಿಸ್ಟಾನನ್ನು ಕೆಳಗಿಳಿಸಲು ಹೊರಟ 82 ಜನ ಇದ್ದರು. ಫಿಡೆಲ್ ಕ್ಯಾಸ್ಟ್ರೊ, ತಮ್ಮ ರೌಲ್, ಡಾಕ್ಟರಾಗಿ ಬಂದಿದ್ದ ಚೆ ಗೆವಾರ, ಎಲ್ಲ ಅದರಲ್ಲೇ.

1:50 ಅಳತೆ ಇಟ್ಟುಕೊಂಡೆ, ಅಂದರೆ 36 ಸೆಂಟಿಮೀಟರ್. ಅಡ್ಡ ಚೌಕಟ್ಟುಗಳಿಗೆ ಪ್ಲೈವುಡ್, ಮೈಗೆ ಬಾಲ್ಸಾ ಅನ್ನೋ ಹಗುರ ಮರದ ಪಟ್ಟಿ. ಮೂತಿಯ ಹತ್ತಿರ ಪಟ್ಟಿ ಜೋರಾಗಿ ಬಾಗಬೇಕು. ಬಿಸಿನೀರಲ್ಲಿ ನೆನೆಸಿ, ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಬಿಟ್ಟರೆ ಹೇಳಿದ ಮಾತು ಕೇಳುತ್ತೆ. ಆಮೇಲೆ ಪುಟ್ಟಿ, ಸ್ಯಾಂಡ್‌ಪೇಪರ್, ಬಿಳಿ ಪೇಂಟ್. ಅದು ಎಲ್ಲರಿಗೂ ಗೊತ್ತಿರೋ ಕೆಲಸ.

ನಿಜವಾದ ಕೆಲಸ ಶುರುವಾಗಿದ್ದು ಜನರನ್ನು ಹತ್ತಿಸುವಾಗ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಕಟ್ಟಡದ ಮಾಡೆಲ್‌ಗೆ ಹಾಕುವ ಪುಟಾಣಿ ಬೊಂಬೆಗಳು ಇದೇ ಅಳತೆಯಲ್ಲಿ ಸಿಗುತ್ತವೆ, ಒಂದೊಂದು ಮೂರೂವರೆ ಸೆಂಟಿಮೀಟರ್. ಕ್ಯಾಬಿನ್ ತುಂಬಿಸಿದೆ. ಹಿಂದಿನ ಡೆಕ್ ತುಂಬಿತು. ಇನ್ನೂ ರಾಶಿ ಬೊಂಬೆ ಮೇಜಿನ ಮೇಲೇ ಉಳಿದಿದ್ದವು! ಬಂದೂಕು, ಮದ್ದುಗುಂಡು, ಡೆಕ್ ಮೇಲಿನ ಹೆಚ್ಚುವರಿ ಡೀಸೆಲ್ ಡಬ್ಬಗಳಿಗೆ ಜಾಗ ಇನ್ನೂ ಆಗಿರಲಿಲ್ಲ. ಮಲಗೋದು ಹಾಗಿರಲಿ, ಕಾಲು ಚಾಚೋಕೂ ಆಗಲ್ಲ. ಅದೂ ಕೆಟ್ಟ ಹವೆಯ ಸಮುದ್ರದಲ್ಲಿ, ಹೆಚ್ಚಿನವರು ವಾಂತಿ ಮಾಡಿಕೊಳ್ಳುತ್ತಾ, ಒಳಗೆ ಬಂದ ನೀರನ್ನು ಬಕೆಟ್‌ನಲ್ಲಿ ಎತ್ತಿ ಸುರಿಯುತ್ತಾ.

ಅವರು ಯಾಕೆ ತಡವಾದರು ಅನ್ನೋದು ನನಗೆ ಆಗ ಅರ್ಥವಾಯಿತು. ನವೆಂಬರ್ 30ಕ್ಕೆ ಕ್ಯೂಬಾದ ಸ್ಯಾಂಟಿಯಾಗೊ ನಗರದಲ್ಲಿ ಇವರ ಸಂಗಾತಿ ಫ್ರಾಂಕ್ ಪಾಯಿಸ್ ದಂಗೆ ಎಬ್ಬಿಸಬೇಕು, ಅದೇ ಹೊತ್ತಿಗೆ ಇವರು ದಡ ಸೇರಬೇಕು, ಹಾಗಂತ ಲೆಕ್ಕ. ದಂಗೆ ಹೇಳಿದ ದಿನವೇ ಎದ್ದಿತು. ತೂಕಕ್ಕೆ ಬಗ್ಗಿದ ದೋಣಿ ಲಾಸ್ ಕೊಲೊರಾಡಾಸ್ ಹತ್ತಿರದ ಕಾಂಡ್ಲಾ ಕೆಸರಿಗೆ ಬಂದು ಸಿಕ್ಕಿಕೊಂಡಿದ್ದು ಡಿಸೆಂಬರ್ 2ಕ್ಕೆ. ಮೂರೇ ದಿನಕ್ಕೆ ಬಟಿಸ್ಟಾನ ಸೈನ್ಯ ಅಲೆಗ್ರಿಯಾ ದೆ ಪಿಯೋದಲ್ಲಿ ಮೇಲೆ ಬಿದ್ದು ಚೆಲ್ಲಾಪಿಲ್ಲಿ ಮಾಡಿತು.

ಈಗ ಕ್ಯೂಬಾದಲ್ಲಿ ಗ್ರಾನ್ಮಾ ಅಂದರೆ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ, ಒಂದು ಪ್ರಾಂತ್ಯ. ದೋಣಿ ಹವಾನಾದಲ್ಲಿ ಗಾಜಿನ ಮನೆಯೊಳಗಿದೆ. ಫೋಟೊದಲ್ಲಿ ನೋಡಿದರೆ ಫಳಫಳ ಹೊಳೆಯುತ್ತೆ, ಖಾಲಿ ಖಾಲಿ. ಮಾದರಿ ಮಾಡುವವರು ಅದನ್ನೇ ನಕಲು ಮಾಡುತ್ತಾರೆ. ನನಗೆ ಅದು ಅರ್ಧ ಕೆಲಸ ಅನ್ನಿಸುತ್ತೆ. ನೀವು ಮಾಡೋದಾದರೆ ಕ್ಯಾಬಿನ್ ಚಾವಣಿಗೆ ಅಂಟು ಹಾಕಬೇಡಿ, ಎತ್ತಿ ಒಳಗಿನ ಜನರನ್ನು ತೋರಿಸೋ ಹಾಗಿರಲಿ.