ಮಕ್ಕಳನ್ನು ಕೇಳದೆ ಮಾಡಿದ ಮೌಲ್ಯಮಾಪನ

ಮೊದಲ ಸುತ್ತಿನಲ್ಲಿ ಸುಮಾರು 90 ಸಾವಿರ ರೂಪಾಯಿ ನೀರಿಗೆ ಹೋಯಿತು. ಮಾನವ ಕಳ್ಳಸಾಗಣೆಯಿಂದ ಪಾರಾದ ಮಕ್ಕಳಿಗೆ ಎರಡು ಜಿಲ್ಲೆಗಳಲ್ಲಿ ಆಶ್ರಯ ಮತ್ತು ಕಾನೂನು ನೆರವು ಕೊಡುತ್ತಿದ್ದ ಕಾರ್ಯಕ್ರಮದ ಮೌಲ್ಯಮಾಪನ ಅದು. ಒಟ್ಟು ಬಜೆಟ್ಟೇ ನಾಲ್ಕೂವರೆ ಲಕ್ಷ. ಪ್ರಶ್ನಾವಳಿ ಮುದ್ರಿಸಿಕೊಂಡು ಬಾಲಮಂದಿರಗಳನ್ನು ಸುತ್ತಿದೆವು. ಮಕ್ಕಳದೆಲ್ಲ ಒಂದೇ ಉತ್ತರ: ಊಟ ಚೆನ್ನಾಗಿದೆ, ಅಕ್ಕಂದಿರು ಒಳ್ಳೆಯವರು. ಅಧೀಕ್ಷಕಿಯನ್ನು ಹೊರಗೆ ಕೂರಿಸಿ ಕೇಳಿದರೂ ಅದೇ ಪಾಠ. ಕೊನೆಗೆ ಒಬ್ಬ ಹುಡುಗಿ, "ಮೇಡಂ, ನಿಮಗೂ ಮೊದಲಿನಿಂದ ಹೇಳಬೇಕೆ?" ಎಂದಳು. ಪ್ರಶ್ನಾವಳಿಯನ್ನು ಅಲ್ಲಿಗೇ ಮಡಚಿಟ್ಟೆ.

ಆಮೇಲೆ ಅನುಮತಿ ಪಡೆದು ಕಡತಗಳ ಬೆನ್ನು ಹತ್ತಿದೆ. ಮಗುವಿಗೊಂದು ಉದ್ದನೆಯ ಹಾಳೆ. ಹೆಸರಿಲ್ಲ, ಸಂಖ್ಯೆ ಮಾತ್ರ. ರಕ್ಷಿಸಿದ ದಿನ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದ ದಿನ, ಬೆಂಬಲ ವ್ಯಕ್ತಿಯ (ಪ್ರಕರಣದುದ್ದಕ್ಕೂ ಮಗುವಿನ ಜೊತೆಗಿದ್ದು ನೆರವಾಗುವವರ) ನೇಮಕ, ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆ (ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 164ನೇ ಕಲಂ), ದೋಷಾರೋಪ ಪಟ್ಟಿ, ನ್ಯಾಯಾಲಯದಲ್ಲಿ ಸಾಕ್ಷ್ಯ, ಪ್ರಕರಣ ಮುಗಿಯುವ ಮೊದಲೇ ಕೊಡುವ ಮಧ್ಯಂತರ ಪರಿಹಾರದ ಆದೇಶ, ಹಣ ಖಾತೆಗೆ ಬಿದ್ದ ದಿನ. ಒಂದರಿಂದ ಇನ್ನೊಂದಕ್ಕೆ ಎಷ್ಟು ದಿನ ಹಿಡಿಯಿತೆಂದು ಎಣಿಸುವುದಷ್ಟೇ ಕೆಲಸ. "ಮಕ್ಕಳ ಮಾತೇ ಇಲ್ಲದ ವರದಿಯನ್ನು ಯಾರು ಓದುತ್ತಾರೆ?" ಎಂದು ಅನುದಾನ ಕೊಟ್ಟವರ ಕಡೆಯ ಅಧಿಕಾರಿ ನಕ್ಕರು. ಜೊತೆಯವರೂ ನಕ್ಕರು.

ಕಡತವೂ ಸುಳ್ಳು ಹೇಳುತ್ತದೆ ಎಂದು ಕಲಿಯಲು ಎರಡು ತಿಂಗಳು ಬೇಕಾಯಿತು. "ಕಾನೂನು ನೆರವು ಒದಗಿಸಲಾಗಿದೆ" ಎಂಬ ಸಾಲಿನ ಅರ್ಥ, ವಕಾಲತ್ತಿಗೆ ಒಮ್ಮೆ ಸಹಿ ಬಿದ್ದಿದೆ ಎಂದಷ್ಟೇ. ಮಾಸಿಕ ವರದಿಯ ದಿನಾಂಕಗಳೆಲ್ಲ ತಿಂಗಳ ಕೊನೆಗೆ ಒಟ್ಟಿಗೆ ಬರೆದವು. ಶಾಯಿ ನೋಡಿದರೆ ಗೊತ್ತಾಗುತ್ತದೆ. ನಿಜವಾದ ದಿನಾಂಕ ಯಾವ ರಿಜಿಸ್ಟರಿನಲ್ಲಿರುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಅದೂ ತಿದ್ದಲ್ಪಡುತ್ತದೆ.

ನೆನಪಿನಿಂದ ಹೇಳುವುದಾದರೆ, ನಲವತ್ತರ ಆಸುಪಾಸು ಹಾಳೆಗಳು. ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನಗಳಲ್ಲಿ ಮಗುವಿನ ಸಾಕ್ಷ್ಯ ದಾಖಲಾಗಬೇಕು ಎನ್ನುತ್ತದೆ ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ. ನನ್ನ ಹಾಳೆಗಳಲ್ಲಿ ಅದು ಒಂದು ವರ್ಷದ ಕೆಳಗೆ ಇಳಿದದ್ದೇ ಅಪರೂಪ. ಮಧ್ಯಂತರ ಪರಿಹಾರಕ್ಕೆ ಅರ್ಜಿ ಹಾಕಿದ್ದು ಹತ್ತೋ ಹನ್ನೊಂದೋ, ಆದೇಶವಾದದ್ದು ಆರು, ಹಣ ಬಂದದ್ದು ಎರಡು. ಆದೇಶ ತಲುಪಿದ 30 ದಿನಗಳಲ್ಲಿ ಸರ್ಕಾರ ಹಣ ಕೊಡಬೇಕೆಂದು 2020ರ ಪೋಕ್ಸೊ ನಿಯಮಗಳಲ್ಲಿದೆ. ಉಳಿದ ನಾಲ್ಕು ಎಲ್ಲಿ ನಿಂತವು ಎಂದು ಬೆನ್ನು ಹತ್ತಿದಾಗ ಮೂರರಲ್ಲಿ ಬ್ಯಾಂಕ್ ಖಾತೆಯೇ ತೊಡಕಾಗಿತ್ತು. ಒಂದರಲ್ಲಂತೂ ಮಗುವಿನ ಖಾತೆಗೆ ಪೋಷಕನಾಗಿ ಸಹಿ ಹಾಕಿದವನು ಅದೇ ದೋಷಾರೋಪ ಪಟ್ಟಿಯಲ್ಲಿದ್ದ ಆರೋಪಿ! ಯಾವ ಸಂದರ್ಶನದಲ್ಲಿ ಸಿಗುತ್ತಿತ್ತು ಇದು?

ಆ ಹುಡುಗಿಯ ಮಾತು ತಲೆಯಲ್ಲಿ ಉಳಿದಿದ್ದರಿಂದ ಹಾಳೆಗೆ ಇನ್ನೊಂದು ಅಂಕಣ ಸೇರಿಸಿದೆ: ನಡೆದದ್ದನ್ನು ಮಗುವಿನಿಂದ ಎಷ್ಟು ಸಲ ಹೇಳಿಸಿದರು? ಪೊಲೀಸರು, ವೈದ್ಯರು, ಸಮಿತಿ, ಮ್ಯಾಜಿಸ್ಟ್ರೇಟರು, ಆಪ್ತ ಸಮಾಲೋಚಕಿ, ವಕೀಲರು. ಏಳಕ್ಕಿಂತ ಕಡಿಮೆ ಇದ್ದ ಹಾಳೆಗಳು ಬೆರಳೆಣಿಕೆಯಷ್ಟು. ನಮ್ಮ ಪ್ರಶ್ನಾವಳಿಯನ್ನೂ ಲೆಕ್ಕಕ್ಕೆ ಸೇರಿಸಿದೆ, ನಾಚಿಕೆಯಿಂದಲೇ.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. ನ್ಯಾಯಾಲಯದ ವಾಯಿದೆಯ ದಿನ ಕುಟುಂಬದವರು ಬಾರದಿರಲು ಬಸ್ ಖರ್ಚೇ ಕಾರಣವೆಂದು ಅನಿಸಿ, ತಲಾ 400 ರೂಪಾಯಿ ಕೊಡಲು ಹೊರಟೆ. ಹಿರಿಯ ವಕೀಲರೊಬ್ಬರು ತಡೆದರು: "ಪಾಟೀಸವಾಲಿನಲ್ಲಿ ಮೊದಲ ಪ್ರಶ್ನೆಯೇ, ನಿನಗೆ ದುಡ್ಡು ಕೊಟ್ಟವರು ಯಾರು ಎಂದಿರುತ್ತದೆ." ಕೈಬಿಟ್ಟೆ. ಬದಲಿಗೆ ಎರಡು ದಿನ ಮೊದಲು ಬೆಂಬಲ ವ್ಯಕ್ತಿಯಿಂದ ಫೋನ್ ಮಾಡಿಸಿದೆವು. ಸಾಕ್ಷಿಗಳಿಗೆ ನ್ಯಾಯಾಲಯವೇ ಕೊಡುವ ಭತ್ಯೆಯನ್ನು ಕೇಳಿ ಪಡೆಯುವಂತೆ ತಿಳಿಸಿದೆವು. ಹಾಜರಾತಿ ಕಣ್ಣಿಗೆ ಕಾಣುವಷ್ಟು ಏರಿತು. ಅಳೆಯಲು ಬಂದವಳು ಅಳತೆಯನ್ನೇ ಬದಲಿಸುವುದು ಸಲ್ಲದು, ಗೊತ್ತಿದೆ. ವರದಿಯಲ್ಲಿ ಅದನ್ನೂ ಬರೆದೆ.

ನಕ್ಕ ಅಧಿಕಾರಿ ಈಗ ಬೇರೆ ಮೂರು ಜಿಲ್ಲೆಗಳಿಗೆ ಅದೇ ಹಾಳೆ ಕೇಳಿದ್ದಾರೆ. ನನ್ನ ಕೊನೆಯ ಕಂತು ಒಂದೂಕಾಲು ಲಕ್ಷ ಮಾತ್ರ ಎಂಟು ತಿಂಗಳಾದರೂ ಬಂದಿಲ್ಲ. ಅದಕ್ಕೂ ಒಂದು ಹಾಳೆ ತೆರೆದಿದ್ದೇನೆ.