ಅಜ್ಜನ ಸಿಆರ್‌ಪಿ ನೆಗೆಟಿವ್ ಬಂದ ದಿನ

ಆಗ ನಾನು ತಾಲ್ಲೂಕು ಊರೊಂದರ ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮೈಯಲ್ಲಿ ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನು ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್). ಅದನ್ನು ಅಳೆಯೋಕೆ ಮೆಷೀನು ಇರಲಿಲ್ಲ. ಕಪ್ಪು ಸ್ಲೈಡು, ಹಾಲಿನಂಥ ಲೇಟೆಕ್ಸ್ ಇರುವ ಪುಟ್ಟ ಬಾಟಲಿ, ಗೋಡೆ ಗಡಿಯಾರ, ಇಷ್ಟೇ.

ಸ್ಲೈಡಿನ ವೃತ್ತದೊಳಗೆ ಒಂದು ಹನಿ ಸೀರಮ್ (ರಕ್ತದ ತಿಳಿ), ಒಂದು ಹನಿ ಲೇಟೆಕ್ಸ್. ಕಡ್ಡಿಯಲ್ಲಿ ಕಲಸಿ ಸ್ಲೈಡನ್ನು ಮೆಲ್ಲಗೆ ಆಚೀಚೆ ಓಲಿಸಬೇಕು. ಸಿಆರ್‌ಪಿ ಲೀಟರಿಗೆ ಸುಮಾರು 6 ಮಿಲಿಗ್ರಾಂ ದಾಟಿದ್ದರೆ ಹಾಲು ಒಡೆದ ಹಾಗೆ ಬಿಳಿ ಕಾಳು ಕಾಣುತ್ತದೆ. ಇಲ್ಲದಿದ್ದರೆ ನುಣ್ಣಗೆ ಹಾಲಿನಂತೆಯೇ ಉಳಿಯುತ್ತದೆ. ಎರಡು ನಿಮಿಷಕ್ಕೆ ಸರಿಯಾಗಿ ನೋಡಿಬಿಡಬೇಕು. ತಡವಾದರೆ ಅಂಚು ಒಣಗಿ ಸುಮ್ನೆ ಕಾಳಿನ ಹಾಗೆ ಕಾಣುತ್ತೆ. ಆ ಎರಡು ನಿಮಿಷ ಯಾರ ಫೋನು ಬಂದರೂ ನಾನು ಎತ್ತುತ್ತಿರಲಿಲ್ಲ.

ಒಂದು ಸಂಜೆ ಜ್ವರದಿಂದ ನಡುಗುತ್ತಿದ್ದ ಅಜ್ಜನೊಬ್ಬರ ರಕ್ತ ಬಂತು. ಬಿಳಿ ರಕ್ತಕಣ 22,000, ಮಾಮೂಲಿಗಿಂತ ತುಂಬಾ ಜಾಸ್ತಿ. ಸ್ಲೈಡು ಮಾತ್ರ ನುಣ್ಣಗೆ. ಕಿಟ್ ಸರಿ ಇದೆಯಾ ಅಂತ ನೋಡೋಕೆ ಹಾಕುವ ಪಾಸಿಟಿವ್, ನೆಗೆಟಿವ್ ಕಂಟ್ರೋಲ್ ಎರಡೂ ಸರಿ ಇದ್ದವು. ‘ನೆಗೆಟಿವ್’ ಅಂತ ಬರೆದು ಮಗನ ಕೈಗೆ ಕೊಟ್ಟೆ. ಹತ್ತೇ ನಿಮಿಷಕ್ಕೆ ಡಾಕ್ಟರ ಫೋನು.

“ಏನ್ರೀ, ಇವರಿಗೆ ನೆಗೆಟಿವ್ವಾ? ಡೈಲ್ಯೂಟ್ ಮಾಡಿ ನೋಡಿದ್ರಾ?”

ನೋಡಿರಲಿಲ್ಲ. ಕಿಟ್ಟಿನ ಜೊತೆ ಬಂದ ಚೀಟಿಯಲ್ಲಿ ಅದನ್ನು ಬರೆದಿತ್ತು, ಓದಿಯೂ ಇದ್ದೆ. ಲೇಟೆಕ್ಸ್ ಕಣಗಳ ಮೈಮೇಲೆ ಸಿಆರ್‌ಪಿಯನ್ನು ಹಿಡಿಯುವ ಆ್ಯಂಟಿಬಾಡಿ ಇರುತ್ತದೆ. ಎರಡು ಕಣಗಳು ಒಂದೇ ಸಿಆರ್‌ಪಿಯನ್ನು ಹಿಡಿದಾಗ ಕಾಳು ಕಟ್ಟುತ್ತದೆ. ಸಿಆರ್‌ಪಿ ವಿಪರೀತ ಇದ್ದರೆ ಪ್ರತಿ ಕಣದ ಕೈಯೂ ಭರ್ತಿ. ಮದುವೆ ಮನೆಯಲ್ಲಿ ಎರಡೂ ಕೈಯಲ್ಲಿ ತಟ್ಟೆ ಹಿಡಿದವರು ಇನ್ನೊಬ್ಬರ ಕೈ ಹಿಡಿಯೋಕಾಗುತ್ತಾ? ಹಾಗೆ. ಇದಕ್ಕೆ ಪ್ರೋಜೋನ್ ಅಂತಾರೆ.

ಸಲೈನ್ ಸೇರಿಸಿ ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳು ಮಾಡುತ್ತಾ ಹೋದೆ. ನಾಲ್ಕರಲ್ಲಿ ಸಣ್ಣ ರವೆಯಂಥ ಕಾಳು, ಎಂಟರಲ್ಲಿ ದಪ್ಪ ಕಾಳು! ಕೊನೆಯದಾಗಿ ಕಾಳು ಕಂಡದ್ದು 64ರಲ್ಲಿ. ಕಾಳು ಕಾಣೋಕೆ ಬೇಕಾದ ಆ 6 ಮಿಲಿಗ್ರಾಮನ್ನು 64ರಿಂದ ಗುಣಿಸಿದರೆ 384. ಕೈ ನಡುಗಿತು. ಡಾಕ್ಟರಿಗೆ ಫೋನಿನಲ್ಲೇ ಹೇಳಿದೆ.

ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡಿತು. ಈ ಪ್ರೋಟೀನು ಮೊದಲು ಸಿಕ್ಕಿದ್ದೂ ನ್ಯುಮೋನಿಯಾ ರೋಗಿಗಳ ರಕ್ತದಲ್ಲೇ. 1930ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಅದನ್ನು ಗುರುತಿಸಿದರು. ಹೆಸರಿನ ‘ಸಿ’ ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಸಿ-ಪಾಲಿಸ್ಯಾಕರೈಡ್ ಎಂಬ ಸಕ್ಕರೆ ಸರಪಳಿಯದು. ವಿಟಮಿನ್ ಸಿ ಅಂದುಕೊಂಡು ನಿಂಬೆಹಣ್ಣು ತಿನ್ನಬೇಕಾ ಅಂತ ಕೇಳಿದವರೂ ಇದ್ದಾರೆ.

ಲಿವರ್ ಸಿಆರ್‌ಪಿ ಮಾಡುವುದನ್ನು ನಿಲ್ಲಿಸಿದರೆ ಸುಮಾರು 19 ಗಂಟೆಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಉರಿಯೂತ ತೋರಿಸುವ ಇನ್ನೊಂದು ರಕ್ತಪರೀಕ್ಷೆ ಇಎಸ್ಆರ್ ಇಷ್ಟು ಬೇಗ ಇಳಿಯಲ್ಲ. ಆ್ಯಂಟಿಬಯೋಟಿಕ್ ಕೊಟ್ಟ ನಾಲ್ಕನೇ ದಿನ ಅಜ್ಜನದು 96ಕ್ಕೆ ಬಂದಿತ್ತು. ಖುಷಿಯಿಂದ ರಿಪೋರ್ಟ್ ಕೊಟ್ಟೆ. ಮಗ ಮುಖ ಸಣ್ಣ ಮಾಡಿಕೊಂಡು ಜೇಬಿನಿಂದ ಹಳೇ ಚೀಟಿ ತೆಗೆದ.

“ಸಾರ್, ಅವತ್ತು ನೆಗೆಟಿವ್ ಇತ್ತು. ಈಗ 96. ಜಾಸ್ತಿ ಆಯ್ತಲ್ವಾ?”

ಆ ಚೀಟಿ ಇಸಿದುಕೊಂಡು ‘ನೆಗೆಟಿವ್’ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ 384 ಬರೆದು, ತಾರೀಕು ಹಾಕಿ ಸಹಿ ಮಾಡಿದೆ. ಆಮೇಲೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಮದುವೆ ಮನೆ ತಟ್ಟೆಯ ಕತೆ ಶುರು ಮಾಡಿದೆ.